ಹೆಂಡತಿಯೊಬ್ಬಳನ್ನು ಬಿಟ್ಟು

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ನಮ್ಮ ಪತ್ರಿಕೆಯ ನಾಟಕ ವಿಮರ್ಶಕರಿಗೊಂದು ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ತುಂಬಲಾರದ ನಷ್ಟ ಎಂದರು. ಒಬ್ಬರು ತಮ್ಮದೇ ನಾಟಕ ಜೀವನವನ್ನು ಹುಟ್ಟಿದಲ್ಲಿಂದ ಹಿಡಿದು ಹೇಳಿ, ಕಡೆಗೆ ನೆನಪಾದವರಂತೆ ಫೋಟೋದ ಕಡೆ ಕೈ ಮಾಡಿ ಕೂತರು. ಇನ್ನೊಬ್ಬರು ಅತ್ತರು, ಅಳುವ ಮುಂಚೆ ಮೈಕು ಹತ್ತಿರ ಎಳೆದುಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕೂತು, ಇದನ್ನೆಲ್ಲ ಅವರೇ ನೋಡಿದ್ದರೆ ಏನು ಬರೆಯುತ್ತಿದ್ದರು ಎಂದು ಯೋಚಿಸುತ್ತಿದ್ದೆ. ಬಹುಶಃ ಹೀಗೆ: ‘ಎರಡನೆಯ ಪಾತ್ರಧಾರಿಯ ಕಣ್ಣೀರು ಹದವಾಗಿತ್ತು, ಆದರೆ ಸಭೆ ತಯಾರಾಗುವ ಮೊದಲೇ ಬಂದುಬಿಟ್ಟಿತು.’ ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದೆ. ಪಕ್ಕದ ಹೆಣ್ಣುಮಗಳು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದಳು.

ಸಭೆ ಮುಗಿದ ಮೇಲೆ ಅವರ ಹೆಂಡತಿಯ ಹತ್ತಿರ ಹೋಗಿ, ‘ಅವರ ಬಗ್ಗೆ ಒಂದೀಟು ಬರೀಬೇಕಂತ ಮಾಡೇನ್ರಿ’ ಎಂದೆ.

‘ಬರಿ. ಆದ್ರ ಹೆಸರ ಹಾಕಬ್ಯಾಡ.’

‘ಯಾಕ್ರಿ?’

‘ಗೊತ್ತಿದ್ದವರಿಗೆ ಹೆಸರ ಬ್ಯಾಡ. ಗೊತ್ತಿಲ್ಲದವರಿಗೆ ಹೆಸರ ಹೇಳಿ ಉಪಯೋಗ ಇಲ್ಲ. ಮತ್ತ ಹೊಗಳಿ ಹೊಗಳಿ ಬರೀಬ್ಯಾಡ ತಂಗಿ, ಅವರಿಗೆ ಸೇರೂದಿಲ್ಲ.’ ಗಂಡ ಒಳಕೋಣೆಯಲ್ಲಿ ಮಲಗಿದ್ದಾರೇನೋ ಎಂಬಂತೆ ಹೇಳಿದರು.

ಹೆಸರಿಲ್ಲದಿದ್ದರೂ ಕರೆಯುವುದಕ್ಕೆ ಒಂದು ಮಾತು ಬೇಕಲ್ಲ. ನಮ್ಮ ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಹಾಗಾಗಿ ಅವರ ಹೆಂಡತಿ ನಮಗೆ ಕಾಕು. ಕಾಕಾ ಹುಬ್ಬಳ್ಳಿಯ ಒಂದು ಸಾಲೆಯಲ್ಲಿ ಲೆಕ್ಕದ ಮಾಸ್ತರರಾಗಿದ್ದವರು. ವಾರಕ್ಕೊಮ್ಮೆ ನಮಗೆ ನಾಟಕ ವಿಮರ್ಶೆ ಬರೆಯುತ್ತಿದ್ದರು. ಸಾಲೆಯಿಂದ ನಿವೃತ್ತರಾದ ಮೇಲೂ ವಿಮರ್ಶೆಯಿಂದ ಆಗಲಿಲ್ಲ. ಆ ಪುಟ ನೋಡಿಕೊಳ್ಳುವ ಉಪಸಂಪಾದಕಿ ನಾನು. ಅವರ ಕೈಬರಹ ಓದಿ ಓದಿ ನನಗೆ ಕನ್ನಡಕ ಬಂತು. ಕಾಕು ಕಂಪನಿ ನಾಟಕಗಳ ನಟಿ. ಹಾಡುತ್ತ ಹಾಡುತ್ತಲೇ ಮಂದಿಯನ್ನು ನಗಿಸುವ ಪಾತ್ರಗಳಿಗೆ ನಮ್ಮ ಕಡೆ ಅವರಷ್ಟು ಹೆಸರಾದವರು ಇನ್ನೊಬ್ಬರಿರಲಿಲ್ಲ.

ಕಾಕಾ ನಾಟಕ ನೋಡುವ ರೀತಿಯೇ ಬೇರೆ. ಎಲ್ಲರೂ ರಂಗದ ಕಡೆ ಮುಖ ಮಾಡಿ ಕೂತರೆ ಇವರು ಪಕ್ಕದ ಕಂಬಕ್ಕೆ ಕುರ್ಚಿ ಆನಿಸಿ, ಮೈ ತಿರುಗಿಸಿ, ಪ್ರೇಕ್ಷಕರ ಕಡೆ ಮುಖ ಮಾಡಿ ಕೂಡುತ್ತಿದ್ದರು. ರಂಗವನ್ನು ಕಿವಿಗೆ ಒಪ್ಪಿಸಿದ್ದರು. ಕಣ್ಣು ಪೂರ್ತಿ ಮಂದಿಯ ಮೇಲೆ. ಮೊದಲ ಸಲ ನೋಡಿದಾಗ ಇವರಿಗೇನೋ ಕುತ್ತಿಗೆ ಉಳುಕಿದೆ ಎಂದುಕೊಂಡಿದ್ದೆ.

‘ನಾಟಕ ನೋಡಾಕ ಊರ ಬಂದೈತಿ ತಂಗಿ. ಊರ ನೋಡಾಕ ಒಬ್ಬರರ ಬ್ಯಾಡೇನು?’ ಎಂದರು.

ಶೇಂಗಾ ಒಡೆಯುವ ಸಪ್ಪಳ ಎಲ್ಲಿ ನಿಂತಿತೋ ಅಲ್ಲಿಂದ ನಾಟಕ ಶುರುವಾಯಿತೆಂದು ಅವರ ಲೆಕ್ಕ. ಮುಂದಿನ ಸಾಲಿನ ಹಿರಿಯರು ಧೋತರದ ಚುಂಗು ಸರಿಮಾಡಿಕೊಂಡರೆ ಮಾತು ಉದ್ದವಾಯಿತೆಂದು ಅರ್ಥ. ನಗುವಿನ ವಿಷಯದಲ್ಲಂತೂ ಅವರು ಪಂಡಿತರು. ಸಭೆ ಗೊಳ್ಳೆಂದಾಗ ನನ್ನ ಕಿವಿಯಲ್ಲಿ, ‘ಇದು ಮಾತಿಗೆ ನಕ್ಕದ್ದಲ್ಲ, ಬಾಜೂದಾಂವ ನಕ್ಕ ಅಂತ ನಕ್ಕದ್ದು’ ಎನ್ನುವರು. ಇನ್ನೊಮ್ಮೆ, ‘ಇದು ತಿಳೀಲಾರದ ನಕ್ಕದ್ದು’ ಎನ್ನುವರು. ಒಮ್ಮೆ ನಾನೇ ನಗುತ್ತಿದ್ದಾಗ ನನ್ನ ಕಡೆ ನೋಡಿ, ‘ಇದು ಪಾಸಿನ ಮ್ಯಾಲೆ ಬಂದವರ ನಗಿ’ ಎಂದಿದ್ದರು. ಸಿಟ್ಟು ಬಂತು, ಆದರೆ ನಾನು ಪಾಸಿನ ಮೇಲೆಯೇ ಬಂದಿದ್ದೆ.

ಅವರು ಕಾಗದ ಪೆನ್ನು ಒಯ್ಯುತ್ತಿರಲಿಲ್ಲ. ಏನಾದರೂ ತಪ್ಪಿತೆನಿಸಿದರೆ ಕೆಳತುಟಿಯನ್ನು ಎರಡು ಬೆರಳಿನಿಂದ ಎಳೆಯುವರು, ತಲೆ ಅಡ್ಡ ಆಡಿಸುವರು, ಆಮೇಲೆ ಎಡ ಅಂಗೈಯ ಮೇಲೆ ಬಲಗೈ ಬೆರಳಿನಿಂದ ಏನೋ ಗೀಚಿದಂತೆ ಮಾಡುವರು. ತಪ್ಪಿದ ಹೆಜ್ಜೆಗೆ ಅಂಕ ಕಳೆಯುವ ಮಾಸ್ತರಿಕೆ ಅದು. ರಂಗದ ಮೇಲಿದ್ದವರಿಗೆ ಆ ಅಂಗೈ ಕಂಡರೆ ಬೆವರು ಬರುತ್ತಿತ್ತು. ತುಟಿ ಎಳೆದದ್ದು ಕಂಡು ಅರ್ಧ ಹಾಡು ನುಂಗಿದ ನಾಯಕರೂ ಇದ್ದರು.

ಬರೆಯುವಾಗ ಬೈಗುಳ ಇರುತ್ತಿರಲಿಲ್ಲ. ಓದಿದವರಿಗೆ ಬೈಸಿಕೊಂಡಂತೆ ಆಗುತ್ತಿತ್ತು, ಅಷ್ಟೇ. ಒಬ್ಬ ನಟ ರಾಜನ ಪಾತ್ರದಲ್ಲಿ ಮಾತು ಮರೆತಾಗಲೆಲ್ಲ ‘ಯಾರಲ್ಲಿ, ನೀರು’ ಎಂದು ಕೂಗಿ, ನೀರು ಕುಡಿಯುವ ನೆಪದಲ್ಲಿ ಪರದೆಯ ಹಿಂದಿನವರಿಂದ ಮಾತು ಕೇಳಿಸಿಕೊಂಡು ಬಂದಿದ್ದ. ಕಾಕಾ ಬರೆದರು: ‘ಮಹಾರಾಜರಿಗೆ ವಿಪರೀತ ನೀರಡಿಕೆ. ರಾಜ್ಯದ ಪ್ರಜೆಗಳಿಗೂ ಒಂದಿಷ್ಟು ಉಳಿಸಬೇಕಿತ್ತು.’ ಮರುದಿನ ಆ ನಟ ತಾಮ್ರದ ತಂಬಿಗೆಯ ತುಂಬ ನೀರು ತಂದು ಕಚೇರಿಯಲ್ಲಿ ಕಾಕಾನ ಮುಂದೆ ಕುಕ್ಕಿದ. ಕಾಕಾ ತಂಬಿಗೆ ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ‘ಈಗ ಹೇಳ್ರಿ, ನಿಮ್ಮ ಮಾತು ನೆನಪಾದುವೇನು?’ ಎಂದರು. ನಟನೂ ನಕ್ಕುಬಿಟ್ಟ. ಆಮೇಲೆ ಇಬ್ಬರೂ ಕೂಡಿ ಗಿರಮಿಟ್ ತಿನ್ನಲು ಹೋದರು.

ಇಂಥ ಮನುಷ್ಯನ ಒಂದು ನೇಮ ಊರಿಗೆಲ್ಲ ಗೊತ್ತಿತ್ತು. ಕಾಕು ಇದ್ದ ನಾಟಕವಾದರೆ ಕಾಕುವೊಬ್ಬರನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಬರೆಯುತ್ತಿದ್ದರು. ನಾಯಕ, ಖಳ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ, ತಬಲಾ, ಪರದೆ ಎಳೆಯುವವನ ಅವಸರ, ಎಲ್ಲ ಬರುತ್ತಿತ್ತು. ‘ಉಳಿದವರು ತಮ್ಮ ಪಾತ್ರ ನಿಭಾಯಿಸಿದರು’ ಎಂಬ ವಾಡಿಕೆಯ ಸಾಲನ್ನು ಕೂಡ ಬರೆಯುತ್ತಿರಲಿಲ್ಲ; ಉಳಿದವರೊಳಗೆ ಹೆಂಡತಿ ನುಸುಳಿಬಿಟ್ಟರೆ ಎಂಬ ಅಂಜಿಕೆ. ಒಮ್ಮೆ ಕಾಕು ಎರಡೇ ಪಾತ್ರಗಳ ನಾಟಕವೊಂದರಲ್ಲಿ ನಾಯಕಿಯಾದರು. ಗಂಡ ಹೆಂಡತಿಯ ಜಗಳದ ಕಥೆ. ಕಾಕಾನ ವಿಮರ್ಶೆ ಓದಿದವರಿಗೆ, ನಾಯಕ ಒಬ್ಬನೇ ಬಂದು ಗೋಡೆಯ ಜೊತೆ ಜಗಳಾಡಿ, ಗೋಡೆಗೆ ಕೈಮುಗಿದು, ಗೋಡೆಯನ್ನು ಒಲಿಸಿಕೊಂಡು ಹೋದಂತೆ ಕಂಡಿತು. ಓದುಗನೊಬ್ಬ ಇದು ಯಾವ ನವ್ಯ ಪ್ರಯೋಗವೆಂದು ಕೇಳಿ ಪತ್ರ ಬರೆದ.

ನಾನು ಒಮ್ಮೆ ಕಾರಣ ಕೇಳಿದೆ. ‘ಮನಿ ಮಂದಿ ಪೇಪರ ಮನ್ಯಾವರು ತಿದ್ದಬಾರದು. ಪರೀಕ್ಷಾದಾಗ ಇರೂದು ಇಲ್ಲೂ ಇರಬೇಕಲ್ಲ’ ಎಂದು ಮಾಸ್ತರರ ಉತ್ತರ ಕೊಟ್ಟರು. ನಿಜ ಸಂಗತಿ ತಿಳಿದದ್ದು ಬೆಂಗೇರಿಯ ಅವರ ಮನೆಯಲ್ಲಿ, ಕಾಕುವಿನ ಬಾಯಿಂದ. ಲಗ್ನವಾದ ಹೊಸತರಲ್ಲಿ ಕಾಕಾ ಒಮ್ಮೆ ಹೆಂಡತಿಯ ಪಾತ್ರವನ್ನು ಹೊಗಳಿ ಬರೆದಿದ್ದರಂತೆ. ಕಂಪನಿಯಲ್ಲಿ ಉಳಿದ ನಟಿಯರು, ‘ನಮ್ಮ ಗಂಡಂದಿರೂ ಪೇಪರ್ನ್ಯಾಗ ಇದ್ರ ನಾವೂ ಛಲೋ ನಟಿಯರ ಆಗ್ತಿದ್ವಿ’ ಎಂದು ಚುಚ್ಚಿದರು. ಕಾಕು ಮನೆಗೆ ಬಂದವರೇ ಗಂಡನಿಗೆ, ‘ಇನ್ನ ಮ್ಯಾಲೆ ನನ್ನ ಬಗ್ಗೆ ಒಂದಕ್ಷರ ಬರೀಬ್ಯಾಡ್ರಿ’ ಎಂದರು.

‘ಸಿಟ್ಟಿನ್ಯಾಗ ಅಂದಿದ್ದೆ ತಂಗಿ. ಆ ವಾರದ ಮಟ್ಟಿಗೆ ಅಂದಿದ್ದೆ. ಇವರು ಜನ್ಮಕ್ಕ ಹಿಡಕೊಂಡ ಕುಂತ್ರು’ ಎಂದು ಕಾಕು ರೊಟ್ಟಿ ತಟ್ಟುತ್ತ ಹೇಳಿದರು.

‘ಬರೀರಿ ಅಂತ ಮತ್ತ ಹೇಳಬೇಕಿಲ್ಲೇನ್ರಿ?’

‘ನಾ ಯಾಕ ಹೇಳ್ಲಿ? ಕೇಳಿ ಬರಿಸಿಕೊಂಡಂಗ ಆಗೂದಿಲ್ಲೇನು?’

ಇಬ್ಬರೂ ಹಟದಲ್ಲಿ ಒಂದೇ ತೂಕ. ಹೀಗೆ ಮೂವತ್ತು ವರ್ಷಕ್ಕೂ ಮೇಲಾಯಿತು. ಊರೂರ ಮಂದಿ ಚಪ್ಪಾಳೆ ತಟ್ಟಿದ ನಟಿಯ ಬಗ್ಗೆ ಊರಿನ ವಿಮರ್ಶಕ ಒಂದು ಸಾಲು ಬರೆಯಲಿಲ್ಲ.

‘ಮನ್ಯಾಗರ ಹೇಳತಾರಿಲ್ಲೋ, ಹೆಂಗಾತು ನಾಟಕ ಅಂತ?’ ಎಂದೆ.

‘ಹೇಳತಾರ. “ಛಲೋ ಇತ್ತು” ಅಂತಾರ. ಬಜಿ ತಿಂದ್ರೂ “ಛಲೋ ಇತ್ತು” ಅಂತಾರ. ಮನ್ಯಾಗ ಹೇಳೂದು ಸಂಸಾರದ ಮಾತು ತಂಗಿ. ಪೇಪರ್ನ್ಯಾಗ ಇವರು ಸುಳ್ಳ ಬರಿಯೂದಿಲ್ಲ. ನಾ ಹೆಂಗ ಮಾಡ್ತೇನಿ ಅನ್ನೂದು ಖರೇ ಖರೇ ಗೊತ್ತಾಗಬೇಕಂದ್ರ ಅಲ್ಲೇ ಓದಬೇಕು ನಾ.’ ರೊಟ್ಟಿ ಮಗುಚಿ ಹಾಕಿದರು. ‘ನಾಟಕದಾಗ ಇವರ ಕಣ್ಣ ಮಂದಿ ಮ್ಯಾಲೆ. ನನ್ನ ಮಾರಿ ನೋಡ್ಯಾರೋ ಇಲ್ಲೋ, ಅದೂ ಗೊತ್ತಿಲ್ಲ.’

ಅದನ್ನು ಕೇಳಿ ನನಗೆ ಕಾಕಾನ ಮೇಲೆ ನಿಜವಾಗಿ ಸಿಟ್ಟು ಬಂತು. ಹೊಗಳಿಕೆ ಬೇಡಿದ್ದರೆ ಬೇರೆ ಮಾತು. ಈ ಹೆಣ್ಣುಮಗಳು ಕೇಳುತ್ತಿದ್ದುದು ಖರೇ ಮಾತು, ಅದೂ ಸಿಗಲಿಲ್ಲವಲ್ಲ ಎನಿಸಿತು.

ಆಮೇಲೆ ಎರಡು ಸಂಗತಿ ಒಟ್ಟಿಗೆ ಬಂದವು. ಕಾಕುವಿನ ಮೊಣಕಾಲು ಕೈಕೊಟ್ಟಿತು. ಇದೊಂದು ನಾಟಕ ಮಾಡಿ ಬಣ್ಣ ಬಿಡುತ್ತೇನೆ ಎಂದರು. ನಮ್ಮ ಪತ್ರಿಕೆಯಲ್ಲಿ ಕಾಕಾನ ಅಂಕಣ ನಿಲ್ಲಿಸಿ ಆ ಜಾಗದಲ್ಲಿ ಮನೆಮದ್ದಿನ ಅಂಕಣ ಹಾಕುವುದೆಂದು ತೀರ್ಮಾನವಾಯಿತು. ನಾನೇ ಹೋಗಿ ಹೇಳಬೇಕಾಯಿತು. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. ‘ಛಲೋ ಆತು. ಇಷ್ಟು ದಿನ ನನ್ನ ಓದಿ ತಲಿಶೂಲಿ ಬಂದವರಿಗೆ ಅಲ್ಲೇ ಔಷಧ ಸಿಗತೈತಿ’ ಎಂದರು.

ಕಾಕುವಿನ ಕಡೆಯ ನಾಟಕವೆಂದರೆ ಹಳೆಯದೊಂದು ಸಂಗೀತ ಹಾಸ್ಯ. ನಮ್ಮ ಕಡೆಯವರು ಅದನ್ನು ಅರಳಿ ಸಾವ್ಕಾರನ ನಾಟಕ ಎಂದೇ ಕರೆಯುವುದು. ಸ್ವರದ ಗಂಧ ಗೊತ್ತಿಲ್ಲದ ಅರಳೆ ವ್ಯಾಪಾರಿಗೆ ಹಾಡು ಬಲ್ಲ ಅಳಿಯನೇ ಬೇಕೆಂಬ ಹಟ. ಬಂದ ವರನಿಗೆ ಹಾಡಲು ಬಾರದು. ಮನೆಗೆಲಸದವಳು ಪರದೆಯ ಹಿಂದೆ ನಿಂತು ಹಾಡುತ್ತಾಳೆ, ವರ ಮುಂದೆ ಕೂತು ಬಾಯಿ ಆಡಿಸುತ್ತಾನೆ. ಅವಳಿಗೆ ಕೆಮ್ಮು ಬಂದರೆ ಇವನೂ ಕೆಮ್ಮಬೇಕು. ಆ ಕೆಲಸದವಳು ನಮ್ಮ ಕಾಕು. ಹರೆಯದಿಂದಲೂ ಅವರದೇ ಪಾತ್ರ. ಹಳೆಯ ಕಲಾವಿದರೆಲ್ಲ ಕೂಡಿ ಬಹಳ ವರ್ಷಗಳ ಮೇಲೆ ಹುಬ್ಬಳ್ಳಿಯಲ್ಲಿ ಅದನ್ನು ಮತ್ತೆ ಆಡಿದರು. ಹೊರಗೆ ಮಂದಿ ನಿಲ್ಲಲು ಜಾಗವಿರಲಿಲ್ಲ. ಕಾಕಾ ಮಾತ್ರ ಆ ದಿನ ಕಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಬೆಂಗೇರಿಯಲ್ಲಿ ಮಲಗಿದ್ದರು.

‘ನನ್ನ ಕಡೀ ನಾಟಕದಾಗ ಇವರಿಗೆ ಕಣ್ಣ ಇರಲಿಲ್ಲ’ ಎಂದು ಕಾಕು ನಕ್ಕರು. ಆ ನಗುವಿನ ಜಾತಿ ಗುರುತಿಸಲು ಕಾಕಾ ಬೇಕಿರಲಿಲ್ಲ, ನನಗೇ ತಿಳಿಯಿತು.

ಪುಣ್ಯಕ್ಕೆ ಧಾರವಾಡದ ಒಬ್ಬ ತರುಣಿ ಅಂದಿನ ಪ್ರಯೋಗವನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಳು. ಅದನ್ನು ಚಿತ್ರವಾಗಿ ಜೋಡಿಸಿ, ಒಂದು ಭಾನುವಾರ ಮುಂಜಾನೆ ಧಾರವಾಡದ ಕಾಲೇಜೊಂದರ ಸಭಾಂಗಣದಲ್ಲಿ ತೋರಿಸುತ್ತೇನೆಂದು ಕರೆ ಕಳಿಸಿದಳು. ಕಾಕಾನ ಕಡೆಯ ಅಂಕಣಕ್ಕೆ ಅದರ ವಿಮರ್ಶೆಯೇ ಬರಲಿ ಎಂದರು ಸಂಪಾದಕರು.

ಕಾಕಾನಿಗೆ ಮನಸ್ಸಿರಲಿಲ್ಲ. ‘ನಾಟಕದ ಫಿಲಮ್ ನೋಡೂದಂದ್ರ ಊಟದ ಫೋಟೋ ನೋಡಿ ಕೈ ತೊಳಕೊಂಡಂಗ’ ಎಂದರು. ‘ಅಲ್ಲೆ ನಾ ಯಾರ ಮಾರಿ ನೋಡ್ಲಿ? ಅವತ್ತ ನಕ್ಕವರದೋ, ಇವತ್ತ ನಗೂವರದೋ?’ ಕಾಕು ಹೊಸ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತರು. ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು ಹಿಂದೆ ಬಂದರು.

ಮೂವರೂ ಬಸ್ಸು ಹಿಡಿದೆವು. ರಾಯಾಪುರ ದಾಟುವವರೆಗೆ ಇಬ್ಬರೂ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದರು. ಆಮೇಲೆ ಕಾಕು, ‘ಏನ್ರಿ, ಇವತ್ತೊಂದಿನ ನೆಟ್ಟಗ ಕುಂದರ್ರಿ’ ಎಂದರು.

‘ನೋಡೂಣು’ ಎಂದರು ಕಾಕಾ.

ಸಭಾಂಗಣದಲ್ಲಿ ಹುಬ್ಬಳ್ಳಿಯ ಹಳೆಯ ನಾಟಕದ ಮಂದಿ ಮುಂದಿನ ಸಾಲುಗಳನ್ನು ಹಿಡಿದಿದ್ದರು. ಹಿಂದೆ ಕಾಲೇಜಿನವರು. ಕಾಕು ನನ್ನ ಪಕ್ಕ ಮಧ್ಯದಲ್ಲಿ ಕೂತರು. ಕಾಕಾ ಮಡಚುವ ಕುರ್ಚಿಯೊಂದನ್ನು ಎಳೆದುಕೊಂಡು ಹೋಗಿ, ನಮ್ಮ ಸಾಲಿನ ತುದಿಯ ಕಂಬಕ್ಕೆ ಆನಿಸಿ, ಪರದೆಗೆ ಓರೆಯಾಗಿ, ನಮ್ಮೆಲ್ಲರ ಕಡೆ ಮುಖ ಮಾಡಿ ಕೂತರು. ಕಾಕು ಹಲ್ಲು ಕಚ್ಚಿದ್ದು ನನಗೆ ಕೇಳಿಸಿತು.

ಚಿತ್ರ ಶುರುವಾಯಿತು. ಸಾವ್ಕಾರ ಬಂದ, ವರ ಬಂದ, ಮಂದಿ ನಕ್ಕರು. ಕಾಕಾ ಎಂದಿನಂತೆ ಸಾಲುಗಳನ್ನು ಓದುತ್ತಿದ್ದರು. ಆಮೇಲೆ ಆ ಹಾಡು ಬಂತು. ರಂಗದಲ್ಲಾದರೆ ವರ ಬಾಯಿ ಆಡಿಸುವುದಷ್ಟೇ ಕಾಣುತ್ತದೆ, ಕಾಕುವಿನ ದನಿ ಪರದೆಯ ಹಿಂದಿನಿಂದ ಕೇಳುತ್ತದೆ. ಆದರೆ ಈ ತರುಣಿ ಒಂದು ಕ್ಯಾಮೆರಾವನ್ನು ರಂಗದ ಪರದೆಯ ಹಿಂದೆಯೂ ಇಟ್ಟಿದ್ದಳು. ಇಷ್ಟು ವರ್ಷ ಯಾವ ಪ್ರೇಕ್ಷಕರೂ ನೋಡದ ಕಾಕು, ಹಾಡುತ್ತಿರುವ ಕಾಕು, ಗೋಡೆಯಷ್ಟು ದೊಡ್ಡದಾಗಿ ಕಂಡರು.

ಮೊದಲ ಸಾಲು ಹಾಡಿದರು. ಕೆಳತುಟಿಯನ್ನು ಎರಡು ಬೆರಳಿನಿಂದ ಎಳೆದರು. ಎರಡನೆಯ ಸಾಲು ಹಾಡಿದರು. ತಲೆ ಅಡ್ಡ ಆಡಿಸಿದರು. ತಬಲಾ ನುಡಿಯುವ ಬಿಡುವಿನಲ್ಲಿ ಎಡ ಅಂಗೈಯ ಮೇಲೆ ಬಲಗೈ ಬೆರಳಿನಿಂದ ಏನೋ ಬರೆದು, ಅಂಗೈಯನ್ನು ದೂರ ಹಿಡಿದು ಓದಿ, ಮುಖ ಕಿವಿಚಿ, ಅಂಕ ಕಳೆದು, ಮತ್ತೆ ಹಾಡಿದರು.

ಮೊದಲು ಹುಬ್ಬಳ್ಳಿಯ ಮಂದಿ ಒಬ್ಬೊಬ್ಬರಾಗಿ ಕಂಬದ ಕಡೆ ತಿರುಗಿದರು, ಆಮೇಲೆ ನಗು ಒಡೆಯಿತು. ನಾಟಕ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ ಮಂದಿಯನ್ನು ನಾನು ಕಂಡಿದ್ದೇನೆ. ಕುರ್ಚಿಯಿಂದ ಜಾರಿದವರನ್ನು ಅಂದೇ ಕಂಡದ್ದು. ಕಾಕು ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ‘ಯವ್ವಾ, ಅಲ್ಲೆ ಕ್ಯಾಮೆರಾ ಇದ್ದದ್ದು ಮರತ ಬಿಟ್ಟಿದ್ದೆ’ ಎಂದು ನನ್ನ ತೋಳು ಹಿಂಡಿದರು.

ಕಾಕಾ ನಮ್ಮ ಮುಖಗಳನ್ನೇ ನೋಡುತ್ತಿದ್ದರು. ಅವರ ಬೆನ್ನು ಪರದೆಗೆ. ನಗುವಿನ ಪಂಡಿತರಿಗೆ ಮೊದಲ ಸಲ ನಗು ಅರ್ಥವಾಗಲಿಲ್ಲ. ಸಾಲಿನುದ್ದಕ್ಕೂ ಬಾಗಿ ನನ್ನನ್ನು ಕೇಳಿದರು, ‘ಯಾಕ ನಗಾಕತ್ತಾರ ತಂಗಿ?’

ನಾನು ಪರದೆಯ ಕಡೆ ಬೆರಳು ಮಾಡಿದೆ. ಅಷ್ಟರಲ್ಲಿ ಹಾಡು ಮುಗಿದಿತ್ತು.

ಕಂಪನಿ ನಾಟಕದ ಪದ್ಧತಿ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಹಾಡು ಮನಸ್ಸಿಗೆ ಬಂದರೆ ಸಭೆ ‘ಒನ್ಸ್ ಮೋರ್’ ಎಂದು ಕೂಗುತ್ತದೆ, ನಟರು ಮತ್ತೊಮ್ಮೆ ಹಾಡಬೇಕು. ಸತ್ತು ಬಿದ್ದ ಪಾತ್ರವಾದರೂ ಎದ್ದು ಹಾಡಿ ಮತ್ತೆ ಸಾಯಬೇಕು. ಹಾಡದಿದ್ದರೆ ಸಭೆಗೆ ಅವಮಾನ. ಮುಂದಿನ ಸಾಲಿನ ಹಿರಿಯರು ರೂಢಿಯಂತೆ ಪರದೆಗೇ ‘ಒನ್ಸ್ ಮೋರ್’ ಎಂದರು. ಚಿತ್ರ ತನ್ನ ಪಾಡಿಗೆ ಮುಂದೆ ಹೋಯಿತು. ಮತ್ತೆ ಕೂಗಿದರು. ಪರದೆಯ ಮೇಲಿನ ಕಾಕು ತಿರುಗಿ ಕೂಡ ನೋಡದೆ ನೀರಿನ ಕೊಡ ಎತ್ತಿಕೊಂಡು ಹೊರಟರು.

‘ಏನವಾ, ಇಷ್ಟು ಸೊಕ್ಕು ಬಂತೇನು ಈಕಿಗೆ?’ ಎಂದರು ಒಬ್ಬ ಹಿರಿಯರು, ಮನಸಾರೆ ನೊಂದು.

ಕಾಕು ತಟ್ಟನೆ ಎದ್ದು ನಿಂತರು. ‘ಅಣ್ಣಾರ, ನಾ ಅವತ್ತ ಎರಡ ಸಲ ಹಾಡೇನಿ. ಇಲ್ಲೆ ಒಂದ ಇಟ್ಟಾರ್ರಿ. ತಪ್ಪ ತಿಳಕೋಬ್ಯಾಡ್ರಿ’ ಎಂದು ಕೈಮುಗಿದರು. ಆಗ ಹಿರಿಯರ ಸಿಟ್ಟು ಚಿತ್ರ ತೆಗೆದವಳ ಕಡೆ ತಿರುಗಿತು. ಆಕೆ ಉದ್ದವಾಗುತ್ತದೆಂದು ಕತ್ತರಿಸಿದೆ ಎಂದಳು. ‘ಒನ್ಸ್ ಮೋರ್ ಕತ್ತರಸ್ತಾರೇನವಾ? ಅದು ಮಂದಿ ಹಕ್ಕು’ ಎಂದರು. ಪಾಪ, ಆಕೆ ಚಿತ್ರ ನಿಲ್ಲಿಸಿ, ಹಿಂದಕ್ಕೆ ಸರಿಸಿ, ಅದೇ ಹಾಡನ್ನು ಮೊದಲಿನಿಂದ ಬಿಟ್ಟಳು. ಸಭೆಗೆ ಸಮಾಧಾನವಾಯಿತು.

ಈ ಸಲ ಕಾಕಾ ಎದ್ದರು. ಕುರ್ಚಿಯನ್ನು ಎತ್ತಿ, ತಿರುಗಿಸಿ, ಪರದೆಗೆ ನೇರವಾಗಿ ಇಟ್ಟರು. ಕಪ್ಪು ಕನ್ನಡಕ ತೆಗೆದು ಕಿಸೆಗೆ ಹಾಕಿ ಕೂತರು. ನಾನು ಅವರ ಬೆನ್ನನ್ನು ನಾಟಕದ ಸಭೆಯಲ್ಲಿ ನೋಡಿದ್ದು ಅಂದೇ. ಹಾಡು ಮುಗಿಯುವ ತನಕ ಆ ಬೆನ್ನು ಅಲುಗಲಿಲ್ಲ. ಮಂದಿ ಮತ್ತೆ ನಕ್ಕರು, ಅವರು ತಿರುಗಿ ನೋಡಲಿಲ್ಲ. ಆಮೇಲೆ ನಾಟಕ ಮುಗಿಯುವವರೆಗೂ ಕುರ್ಚಿ ಹಾಗೆಯೇ ಇತ್ತು.

ಬಸ್ ಸ್ಟಾಪಿನಲ್ಲಿ ಕಾಕಾ ಬಾಳೆಹಣ್ಣು ತರಲು ಹೋದಾಗ ಕಾಕುವಿಗೆ ಕೇಳಿದೆ, ‘ಎಷ್ಟ ದಿನದಿಂದ ನಡಸೀರಿ ಇದನ್ನ?’

‘ಮೊದಲಿಂದ.’ ಸಿಕ್ಕಿಬಿದ್ದವರ ಮುಖವಾಗಿತ್ತು. ‘ಪರದೆ ಹಿಂದ ಯಾರೂ ನೋಡೂದಿಲ್ಲಲ್ಲ. ಒಂದ ಸಾಲು ಹಾಡೂದು, ಇವರಾಗಿ ಒಂದ ಸಲ ಕೇಳೂದು. ಇವರು ಬರಿಲಿಲ್ಲ ತಂಗಿ, ನಾನ ಬರಕೊಂಡೆ.’ ಹೇಳಿ ಸೆರಗಿನಿಂದ ಕಣ್ಣೊತ್ತಿಕೊಂಡರು. ನಾನು ಅವರ ಕೈ ಹಿಡಿದುಕೊಂಡು ನಿಂತೆ. ಕಾಕಾ ಬಾಳೆಹಣ್ಣು ತಂದರು. ಹುಬ್ಬಳ್ಳಿಯವರೆಗೆ ಮೂವರೂ ಬಾಳೆಹಣ್ಣು ತಿಂದೆವು.

ಗುರುವಾರ ವಿಮರ್ಶೆಯ ಕೈಬರಹ ಕಚೇರಿಗೆ ಬಂತು. ಸಾವ್ಕಾರನಿಲ್ಲ, ವರನಿಲ್ಲ, ಪೇಟಿಯಿಲ್ಲ, ತಬಲಾ ಇಲ್ಲ. ಮೊದಲಿನಿಂದ ಕಡೆಯವರೆಗೆ ಕಾಕು ಒಬ್ಬರೇ. ಅದೂ ಪೂರ್ತಿ ತಪ್ಪುಗಳು. ‘ಎರಡನೆಯ ಚರಣ ಅವಸರವಾಯಿತು. ಮೇಲಿನ ಸ್ವರಕ್ಕೆ ಏರುವ ಮುನ್ನ ನಟಿ ತುಸು ಮೊದಲೇ ಉಸಿರು ತೆಗೆದುಕೊಂಡರು. ಇದು ಅವರ ಹಳೆಯ ಚಟ. ಬಾಗಲಕೋಟೆಯಲ್ಲಿಯೂ ಹೀಗಾಗಿತ್ತು, ಮಳೆಗೆ ಮೇಲಿನ ತಗಡು ಸದ್ದು ಮಾಡಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಸವದತ್ತಿಯಲ್ಲಿ ನೆಗಡಿಯಾಗಿತ್ತು, ರಿಯಾಯಿತಿ ಕೊಡಬಹುದು. ಬೈಲಹೊಂಗಲದಲ್ಲಿ ಪೇಟಿಯವನದೇ ತಪ್ಪು, ಆದರೂ ನಟಿ ತಾಳಿಕೊಳ್ಳಬೇಕಿತ್ತು. ಮೊಟ್ಟಮೊದಲ ಸಲ ಕೇಳಿದ ಗದಗಿನ ಪ್ರಯೋಗದಲ್ಲಿಯೂ ಚರಣದ ನಡುವೆ ಉಸಿರು ತೆಗೆದುಕೊಂಡಿದ್ದರು.’ ಹೀಗೆ ಊರಿಂದ ಊರಿಗೆ, ಹಾಡಿಂದ ಹಾಡಿಗೆ. ಕಡೆಯ ಪ್ಯಾರಾ ಹೀಗಿತ್ತು: ‘ವಿಮರ್ಶಕನನ್ನು ಅಣಕಿಸುವ ಭಾಗದಲ್ಲಿ ಮಾತ್ರ ತಪ್ಪು ಸಿಗಲಿಲ್ಲ. ಕೆಳತುಟಿ ಎಳೆಯುವುದು ತುಸು ಹೆಚ್ಚಾಯಿತೆಂದು ಮೊದಲು ಅನಿಸಿತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನೋಡಲಾಗಿ, ಹೆಚ್ಚಾಗಿರಲಿಲ್ಲ.’

ನಾನು ಫೋನ್ ಮಾಡಿದೆ. ‘ಕಾಕಾ, ಇದನ್ನ ಹಿಂಗ ಹಾಕೂದೇನ್ರಿ? ಕಾಕು ಓದತಾರ.’

‘ಓದಲಿ ಅಂತನ ಬರದೇನಿ’ ಎಂದು ಇಟ್ಟುಬಿಟ್ಟರು.

ಭಾನುವಾರ ಮುಂಜಾನೆ ಜೀವ ತಡೆಯದೆ ಬೆಂಗೇರಿಗೆ ಹೋದೆ. ಕಾಕು ಕಟ್ಟೆಯ ಮೇಲೆ ಪತ್ರಿಕೆ ಹರವಿಕೊಂಡು, ಪಕ್ಕದ ಮನೆಯಾಕೆಯನ್ನು ಕೂಡಿಸಿಕೊಂಡು ಜೋರಾಗಿ ಓದುತ್ತಿದ್ದರು. ಕಾಕಾ ಒಳಗೆ ಮುಖಕ್ಕೆಲ್ಲ ಸಾಬೂನಿನ ನೊರೆ ಬಳಿದುಕೊಂಡು ನಿಂತಿದ್ದರು. ದಾಡಿ ಮಾಡಿಕೊಳ್ಳುವ ಲಕ್ಷಣ ಕಾಣಲಿಲ್ಲ.

‘ಬಾ ತಂಗಿ, ಕೇಳಿಲ್ಲೆ. ಸವದತ್ತ್ಯಾಗ ನೆಗಡಿ ಬಂದಿತ್ತಂತ ನಂಗ. ನಾನ ಮರತಿದ್ದೆ.’ ಕಾಕುವಿನ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ‘ಬಾಗಲಕೋಟಿ ಮಳಿ ನೆನಪ ಇಟ್ಟಾರ ನೋಡು. ಎಲ್ಲಾ ಕೇಳ್ಯಾರ. ಇಷ್ಟು ವರ್ಷ ನಾ ಹಾಡಿದ್ದೆಲ್ಲಾ ಕೇಳ್ಯಾರ ತಂಗಿ.’

ಮತ್ತೆ ಓದಲು ಹಿಡಿದರು. ಗದಗಿನ ಸಾಲಿಗೆ ಬಂದಾಗ ನಿಂತರು. ಇನ್ನೊಮ್ಮೆ ಓದಿದರು. ಮುಖ ಬಿಗಿಯಾಯಿತು. ಪತ್ರಿಕೆ ಹಿಡಿದುಕೊಂಡೇ ಒಳಗೆ ಹೋದರು.

‘ಏನ್ರಿ, ಇದು ಸುಳ್ಳು. ಗದಗಿನ್ಯಾಗ ನಾ ಬರೋಬ್ಬರಿ ಹಾಡೇನಿ. ನಮ್ಮ ಮಾಸ್ತರ ಅವತ್ತ ಬೆನ್ನ ತಟ್ಟಿ ಶಾಬಾಸ್ ಅಂದಾರ. ಉಸಿರ ಎಲ್ಲೆ ತಗೊಂಡೆ ಅನ್ನೂದು ಇವತ್ತಿಗೂ ನೆನಪೈತಿ ನಂಗ.’

‘ನಂಗೂ ನೆನಪೈತಿ’ ಎಂದಿತು ನೊರೆ.

‘ಏನ ನೆನಪೈತಿ ನಿಮಗ? ಅವತ್ತ ಹಾಡ ಕೇಳಿದ್ರೇನು ನೀವು?’

ಕಾಕಾ ನನ್ನ ಕಡೆ ನೋಡಿದರು. ನೊರೆಯ ಮೇಲಿನ ಭಾಗ, ಕಾಣುವಷ್ಟು ಮುಖ, ಕೆಂಪಾಗಿತ್ತು.

‘ತಂಗಿ, ತಿದ್ದುಪಡಿ ಹಾಕಸು’ ಎಂದರು ಕಾಕು ನನಗೆ. ‘ಪೇಪರ್ನ್ಯಾಗ ಸುಳ್ಳ ಬರಬಾರದು.’

ಸಂಪಾದಕರಿಗೆ ಹೇಳಿದೆ. ಅವರಿಗೆ ಬೆಳಗ್ಗೆಯೇ ಸಾವ್ಕಾರನ ಪಾತ್ರಧಾರಿಯಿಂದ ಫೋನ್ ಬಂದಿತ್ತು, ಇಡೀ ನಾಟಕದಾಗ ನಾ ಕಾಣಲೇ ಇಲ್ಲೇನ್ರಿ ಎಂದು. ಹಣೆ ಒತ್ತಿಕೊಂಡು, ಸರಿ, ತಪ್ಪಾಗಿದ್ದರೆ ತಿದ್ದಲೇಬೇಕು ಎಂದರು. ಮುಂದಿನ ಭಾನುವಾರ ಆ ಜಾಗದಲ್ಲಿ ಹಾಗಲಕಾಯಿಯ ಗುಣಗಳ ಬಗ್ಗೆ ಹೊಸ ಅಂಕಣ ಶುರುವಾಯಿತು. ಅದರ ಕೆಳಗೆ ನಾಲ್ಕು ಗೆರೆಯ ಚೌಕಟ್ಟು ಕಟ್ಟಿ, ಕಾಕಾ ಬರೆದು ಕಳಿಸಿದ್ದನ್ನು ಒಂದಕ್ಷರ ಮುಟ್ಟದೆ ಹಾಕಿದೆ. ನಮ್ಮ ಪತ್ರಿಕೆಯಲ್ಲಿ ಅವರು ಬರೆದದ್ದು ಅದೇ ಕೊನೆ.

‘ತಿದ್ದುಪಡಿ: ಗದಗಿನ ಪ್ರಯೋಗದಲ್ಲಿ ನಟಿ ಚರಣದ ನಡುವೆ ಉಸಿರು ತೆಗೆದುಕೊಂಡರೆಂದು ಹೋದ ವಾರ ಬರೆದದ್ದು ತಪ್ಪು. ಆ ದಿನ ಅವರ ಉಸಿರು ಇರಬೇಕಾದಲ್ಲಿಯೇ ಇತ್ತು. ಉಸಿರು ತಪ್ಪಿದ್ದು ಸಭೆಯಲ್ಲಿ ಕೂತಿದ್ದ ಒಬ್ಬ ಲೆಕ್ಕದ ಮಾಸ್ತರನದು. ಆಗ ಅವನಿಗೆ ಇನ್ನೂ ಲಗ್ನವಾಗಿರಲಿಲ್ಲ.’

ಆ ಮುಂಜಾನೆ ಕಾಕು ಏನೆಂದರೋ ತಿಳಿಯುವ ಆಸೆಗೆ ಮನೆಗೆ ಫೋನ್ ಮಾಡಿದೆ. ಕಾಕಾ ಎತ್ತಿದರು.

‘ಕಾಕು ಓದಿದ್ರೇನ್ರಿ?’

‘ಓದಿ ಎರಡ ತಾಸ ಆತು. ಬಾಜೂ ಮನಿ ಮುಗಿಸಿ, ಎದುರ ಮನಿ ಮುಗಿಸಿ, ಈಗ ಹಿಟ್ಟಿನ ಗಿರಣಿ ಕಡೆ ಹೋಗ್ಯಾಳ.’

‘ಮೊಣಕಾಲ ನೋವಿನ್ಯಾಗ ಜ್ವಾಳ ಹೊತಗೊಂಡು ಹೋದ್ರೇನ್ರಿ?’

‘ಜ್ವಾಳ ಎಲ್ಲೆ ತಂಗಿ’ ಎಂದರು. ‘ಪೇಪರ ಒಂದ ಹಿಡಕೊಂಡು ಹೋಗ್ಯಾಳ.’